ಜೇನ್ ಆಸ್ಟಿನ್ ಸೂಕ್ತಿಗಳು: ಆಡಿದವರು ಯಾರು, ನಕ್ಕವರು ಯಾರು?

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅವರ ಹಾಸ್ಯ ಮತ್ತು ಜೀವನದೃಷ್ಟಿಯ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. ಅಂತರ್ಜಾಲದಿಂದ ಅವರ ಒಂದಷ್ಟು ಸೂಕ್ತಿಗಳನ್ನು ಆರಿಸಿಟ್ಟುಕೊಂಡಿದ್ದೇನೆ. ಆದರೆ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಅರ್ಧ ಮುಗಿದರೂ ನನಗೆ ನಗು ಬರಲಿಲ್ಲ, ಬರೀ ಮದುವೆ ಮಾತುಕತೆ ಅನ್ನಿಸಿತು. ಈ ಸೂಕ್ತಿಗಳನ್ನು ನಂಬಬಹುದೇ? ಆಸ್ಟಿನ್ ಅವರನ್ನು ಹೇಗೆ ಓದಿದರೆ ಹಾಸ್ಯ ಸಿಗುತ್ತದೆ, ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಎರಡೂ ತೊಡಕುಗಳ ಬೇರು ಒಂದೇ. ಆಸ್ಟಿನ್ ಕಾದಂಬರಿಗಳಲ್ಲಿ ಸೂಕ್ತಿಯ ಹಾಗೆ ಕಿವಿಗೆ ಬೀಳುವ ಮಾತುಗಳಲ್ಲಿ ಬಹುಪಾಲು ಯಾವುದೋ ಪಾತ್ರ ಆಡಿದ್ದು. ಆ ಪಾತ್ರ ಎಷ್ಟೋ ಸಲ ಪೆದ್ದು, ಇಲ್ಲವೇ ಸ್ವಾರ್ಥಿ, ಇಲ್ಲವೇ ಆ ಗಳಿಗೆಯಲ್ಲಿ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿರುತ್ತದೆ. ಯಾರು ಹೇಳಿದರು, ಯಾರ ಮುಂದೆ, ಏನು ಗಿಟ್ಟಿಸಿಕೊಳ್ಳಲು ಎಂಬುದನ್ನು ಕಿತ್ತುಹಾಕಿದರೆ ನಗು ಅಲ್ಲೇ ಸಾಯುತ್ತದೆ. ಉಳಿಯುವ ವಾಕ್ಯ ಆಸ್ಟಿನ್ ಅಭಿಪ್ರಾಯಕ್ಕೆ ತೀರಾ ಉಲ್ಟಾ ಇದ್ದರೂ ಇರಬಹುದು.

ಬ್ಯಾಂಕ್ ಆಫ್ ಇಂಗ್ಲೆಂಡೇ ಇದರಲ್ಲಿ ಸಿಕ್ಕಿಹಾಕಿಕೊಂಡಿದೆ. ಆಸ್ಟಿನ್ ತೀರಿಕೊಂಡು 200 ವರ್ಷ ತುಂಬಿದ 2017ರಲ್ಲಿ ಅವರ ಚಿತ್ರವಿರುವ 10 ಪೌಂಡ್ ನೋಟು ಹೊರಬಂತು. ಅದರ ಮೇಲಿರುವ ವಾಕ್ಯದ ತಾತ್ಪರ್ಯ: ‘ಏನೇ ಹೇಳಿ, ಓದಿನಂಥ ಸುಖ ಇನ್ನೊಂದಿಲ್ಲ!’ ಇದು ‘ಪ್ರೈಡ್ ಅಂಡ್ ಪ್ರಿಜುಡಿಸ್’ನ 11ನೇ ಅಧ್ಯಾಯದಲ್ಲಿದೆ, ಹೇಳುವವಳು ಕ್ಯಾರೊಲಿನ್ ಬಿಂಗ್ಲಿ. ಕಥಾನಾಯಕ ಡಾರ್ಸಿ ಒಂದು ಪುಸ್ತಕ ಓದುತ್ತಿದ್ದಾನೆ. ಅವನ ಗಮನ ಸೆಳೆಯಲು ಇವಳು ಅದೇ ಪುಸ್ತಕದ ಎರಡನೇ ಸಂಪುಟ ಹಿಡಿದು ಕೂತಿದ್ದಾಳೆ. ತನ್ನ ಪುಟಕ್ಕಿಂತ ಅವನ ಪುಟವನ್ನೇ ಹೆಚ್ಚು ಇಣುಕುತ್ತಾಳೆ, ಏನೋ ಕೇಳುತ್ತಾಳೆ, ಅವನು ಚುಟುಕಾಗಿ ಉತ್ತರಿಸಿ ಮತ್ತೆ ಓದುತ್ತಾನೆ. ಕೊನೆಗೆ ಸೋತು, ದೊಡ್ಡದಾಗಿ ಆಕಳಿಸಿ, ಈ ಮಾತು ಹೇಳುತ್ತಾಳೆ. ನನ್ನದೇ ಮನೆ ಅಂತ ಆದಾಗ ಒಳ್ಳೆಯ ಗ್ರಂಥಾಲಯ ಇರಲೇಬೇಕು ಎಂದೂ ಸೇರಿಸುತ್ತಾಳೆ. ಒಳ್ಳೆಯ ಗ್ರಂಥಾಲಯ ಇರುವುದು ಡಾರ್ಸಿಯ ಮನೆಯಲ್ಲಿ. ಯಾರೂ ಹೂಂ ಅನ್ನುವುದಿಲ್ಲ. ಇನ್ನೊಮ್ಮೆ ಆಕಳಿಸಿ, ಪುಸ್ತಕ ಬಿಸಾಕಿ, ಹೊತ್ತು ಕಳೆಯಲು ಬೇರೇನಾದರೂ ಇದೆಯೇ ಎಂದು ಸುತ್ತ ಕಣ್ಣಾಡಿಸುತ್ತಾಳೆ. ಹಿಂದೊಂದು ಆಕಳಿಕೆ, ಮುಂದೊಂದು ಆಕಳಿಕೆ: ನಗು ಇರುವುದೆಲ್ಲ ಅಲ್ಲಿ, ನೋಟಿಗೆ ಬಂದದ್ದು ನಡುವಿನ ಸಾಲು ಮಾತ್ರ.

ನಿಮ್ಮ ಪಟ್ಟಿಯಲ್ಲಿ ಖಂಡಿತ ಇರಬಹುದಾದ ಕೆಲವನ್ನು ನೋಡೋಣ. ‘ನಿಜವಾದ ಗೆಳೆಯರಿಗಾಗಿ ನಾನು ಮಾಡದ ಕೆಲಸವಿಲ್ಲ, ಅರೆಮನಸ್ಸಿನಿಂದ ಪ್ರೀತಿಸುವುದು ನನ್ನ ಜಾಯಮಾನವಲ್ಲ’ ಎಂಬುದು ಕಪ್ಪುಗಳ ಮೇಲೆ, ಸ್ನೇಹಿತರ ದಿನದ ಕಾರ್ಡುಗಳ ಮೇಲೆ ಓಡಾಡುತ್ತಿರುತ್ತದೆ. ‘ನಾರ್ಥ್ಯಾಂಗರ್ ಅಬಿ’ಯ 6ನೇ ಅಧ್ಯಾಯದಲ್ಲಿ ಇದನ್ನು ಹೇಳುವ ಇಸಬೆಲ್ಲಾ ಥಾರ್ಪ್ ಆ ಕಾದಂಬರಿಯ ಅತಿ ಕಪಟಿ ಗೆಳತಿ. ಗೆಳತಿಯ ಅಣ್ಣನ ಜೊತೆ ಮದುವೆ ಗೊತ್ತಾಗಿ, ಅವನಿಗೆ ಬರುವುದು ವರ್ಷಕ್ಕೆ ಸುಮಾರು 400 ಪೌಂಡ್ ಎಂದು ತಿಳಿದ ಮೇಲೆ, ಇನ್ನೂ ಶ್ರೀಮಂತನೊಬ್ಬನ ಕಡೆ ವಾಲುತ್ತಾಳೆ. ಕೈಗೆ ಯಾವುದೂ ದಕ್ಕುವುದಿಲ್ಲ.

‘ಲೋಕವನ್ನು ಅರಿತಷ್ಟೂ ನಾನು ಮನಸಾರೆ ಪ್ರೀತಿಸಬಲ್ಲ ಗಂಡಸು ಸಿಗಲಾರನೆಂದು ಖಾತ್ರಿಯಾಗುತ್ತಿದೆ’ ಎಂಬ ನಿಟ್ಟುಸಿರು ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಮೇರಿಯಾನ್‌ಳದು. ತಾಯಿಯ ಉತ್ತರ ಮಾತ್ರ ಯಾವ ಪೋಸ್ಟರಿನಲ್ಲೂ ಇರುವುದಿಲ್ಲ: ನಿನಗಿನ್ನೂ ಹದಿನೇಳು ತುಂಬಿಲ್ಲ ಕಣಮ್ಮ, ಇಷ್ಟು ಬೇಗ ಆಸೆ ಬಿಡಬೇಡ. ‘ಸುಖಕ್ಕೆ ದೊಡ್ಡ ವರಮಾನಕ್ಕಿಂತ ಒಳ್ಳೆಯ ಪಾಕವಿಧಾನ ನಾನು ಕೇಳಿಲ್ಲ’ ಎನ್ನುವವಳು ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಮೇರಿ ಕ್ರಾಫರ್ಡ್. ಎದುರಿಗಿರುವವನು ಪಾದ್ರಿಯಾಗಲು ಹೊರಟಿರುವ ಎಡ್ಮಂಡ್. ಅವಳಿಗೆ ಅವನು ಬೇಕು, ಅವನ ಸಣ್ಣ ಸಂಬಳ ಬೇಡ. ಇಡೀ ಪುಸ್ತಕದಲ್ಲಿ ಅವಳಷ್ಟು ಚುರುಕಾಗಿ ಮಾತಾಡುವವರು ಇನ್ನೊಬ್ಬರಿಲ್ಲ, ಕೊನೆಗೆ ಎಡ್ಮಂಡ್ ಕೈತಪ್ಪುವುದೂ ಅವಳಿಗೇ.

ಸ್ವಲ್ಪ ನಿಂತು ನೋಡಬೇಕಾದದ್ದು ಷಾರ್ಲೆಟ್ ಲೂಕಸ್ ಮಾತು: ‘ಮದುವೆಯಲ್ಲಿ ಸುಖ ಎಂಬುದು ಪೂರಾ ಅದೃಷ್ಟದ ವಿಷಯ.’ ‘ಪ್ರೈಡ್ ಅಂಡ್ ಪ್ರಿಜುಡಿಸ್’ನ 6ನೇ ಅಧ್ಯಾಯ. ಅವಳ ಗೆಳತಿ, ಕಾದಂಬರಿಯ ನಾಯಕಿ ಎಲಿಜಬೆತ್ ನಕ್ಕು, ನೀನೇ ಹಾಗೆ ನಡೆದುಕೊಳ್ಳುವವಳಲ್ಲ ಬಿಡು ಎನ್ನುತ್ತಾಳೆ. 22ನೇ ಅಧ್ಯಾಯದ ಹೊತ್ತಿಗೆ 27 ವರ್ಷದ ಷಾರ್ಲೆಟ್, ಎಲಿಜಬೆತ್ ತಿರಸ್ಕರಿಸಿದ ಪೆದ್ದ ಕಾಲಿನ್ಸ್‌ಗೇ ಹೂಂ ಎಂದಿರುತ್ತಾಳೆ. ಮುಂದೆ 30ನೇ ಅಧ್ಯಾಯದಲ್ಲಿ ಎಲಿಜಬೆತ್ ಅವಳ ಮನೆಗೆ ಹೋದಾಗ ಒಂದು ಸಂಗತಿ ಗಮನಿಸುತ್ತಾಳೆ. ಮುಂಭಾಗದಲ್ಲಿ ದೊಡ್ಡದಾದ, ಗೆಲುವಾದ ಕೋಣೆ ಇದ್ದರೂ ಹೆಂಗಸರು ದಿನವಿಡೀ ಕೂರುವುದು ಹಿಂದಿನ ಕೋಣೆಯಲ್ಲಿ. ಯಾಕಿರಬಹುದು? ಮುಂದಿನ ಕೋಣೆಯಿಂದ ರಸ್ತೆ ಕಾಣುತ್ತದೆ. ಹೆಂಡತಿಯ ಕೋಣೆಯೂ ಅಷ್ಟೇ ಚೆನ್ನಾಗಿದ್ದರೆ ಕಾಲಿನ್ಸ್ ತನ್ನ ಕೋಣೆ ಬಿಟ್ಟು ಬಂದು ಅಲ್ಲೇ ಠಿಕಾಣಿ ಹೂಡುತ್ತಿದ್ದ. ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಗಂಡನನ್ನು ಹುರಿದುಂಬಿಸುವವಳೂ ಇವಳೇ. ಷಾರ್ಲೆಟ್‌ಳ ಜಾಣ್ಮೆಯೂ ಅವಳು ತೆತ್ತ ಬೆಲೆಯೂ ಆ ಕೋಣೆಯ ಆಯ್ಕೆಯಲ್ಲಿವೆ. ಆಸ್ಟಿನ್ ಅವಳನ್ನು ಬೈಯುವುದಿಲ್ಲ, ಹೊಗಳುವುದೂ ಇಲ್ಲ. ನಿಮ್ಮ ಭಾಷಣದಲ್ಲಿ ಸೂಕ್ತಿ ಬಿಟ್ಟು ಈ ಕೋಣೆಯನ್ನು ಹೇಳಿ, ಕೇಳುವವರು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಎಲಿಜಬೆತ್‌ಳ ತಂದೆ ಮಿಸ್ಟರ್ ಬೆನೆಟ್‌ರ ಪ್ರಸಿದ್ಧ ಮಾತನ್ನೂ ಹೀಗೇ ಪರೀಕ್ಷಿಸಬೇಕು: ನಾವು ಬದುಕುವುದು ಮತ್ತೇಕೆ, ನೆರೆಯವರ ನಗೆಗೆ ಗುರಿಯಾಗಿ, ಸರದಿ ಬಂದಾಗ ಅವರನ್ನು ನೋಡಿ ನಗುವುದಕ್ಕಲ್ಲವೇ? ಇದನ್ನು ಆಸ್ಟಿನ್ ಅವರ ಜೀವನಸಿದ್ಧಾಂತವೆಂದೇ ಉದ್ಧರಿಸುವವರಿದ್ದಾರೆ. ಮಾತು ಬರುವುದು 57ನೇ ಅಧ್ಯಾಯದಲ್ಲಿ. ಡಾರ್ಸಿ ನಿನ್ನನ್ನು ಮದುವೆಯಾಗುತ್ತಾನಂತೆ, ಎಂಥ ತಮಾಷೆ ಎಂದು ತಂದೆ ಮಗಳ ಮುಂದೆ ನಗುತ್ತಿದ್ದಾರೆ. ಮಗಳಿಗೆ ಅಳು ಒತ್ತಿ ಬರುತ್ತಿದೆ, ನಗಲೇಬೇಕಾಗಿದೆ. ಅಷ್ಟರಲ್ಲಾಗಲೇ ಇದೇ ತಂದೆ ಎಲ್ಲವನ್ನೂ ನಗೆಯಲ್ಲಿ ತೇಲಿಸಿ ಕಿರಿಯ ಮಗಳು ಲಿಡಿಯಾಳನ್ನು ಬ್ರೈಟನ್‌ಗೆ ಕಳಿಸಿ, ಅವಳು ಓಡಿಹೋಗಿ, ಮನೆ ಮರ್ಯಾದೆ ಬೀದಿಗೆ ಬಂದದ್ದೂ ಆಗಿದೆ. ಬೆನೆಟ್ ಹಾಸ್ಯ ಸೊಗಸಾದದ್ದೇ. ಅದು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತು ಎಂಬುದನ್ನು ಕಾದಂಬರಿ ಐವತ್ತು ಅಧ್ಯಾಯ ತೆಗೆದುಕೊಂಡು ತೋರಿಸುತ್ತದೆ.

ಹಾಗಂತ ಮೂರ್ಖರ ಬಾಯಿಂದ ಬಂದದ್ದೆಲ್ಲ ಸುಳ್ಳು ಎಂದೂ ತೀರ್ಮಾನಿಸಬೇಡಿ. ಅಹಂಕಾರ ಬೇರೆ, ಒಣಜಂಭ ಬೇರೆ. ಮೊದಲನೆಯದು ನಮ್ಮ ಬಗ್ಗೆ ನಮಗಿರುವ ಅಭಿಪ್ರಾಯ, ಎರಡನೆಯದು ಬೇರೆಯವರು ನಮ್ಮ ಬಗ್ಗೆ ಏನೆಂದುಕೊಳ್ಳಬೇಕೆಂಬ ಆಸೆ ಎಂಬ ಮಾತು ಮೂರನೇ ಮಗಳು ಮೇರಿ ಬೆನೆಟ್‌ಳದು. ಪುಸ್ತಕದಿಂದ ಹೆಕ್ಕಿದ್ದನ್ನು ಸಮಯ ಸಂದರ್ಭ ನೋಡದೆ ಒಪ್ಪಿಸುವುದೇ ಅವಳ ಚಾಳಿ. ಮಾತಿನಲ್ಲಿ ಹುರುಳಿದೆ, ಅದು ಕಾದಂಬರಿಯ ವಸ್ತುವನ್ನೇ ಮುಟ್ಟುತ್ತದೆ ಕೂಡ. ನಗೆಗೀಡಾಗುವುದು ಅವಳು ಪಾಠ ಒಪ್ಪಿಸುವ ರೀತಿ. ಆಸ್ಟಿನ್‌ಗೆ ಇಂಥ ಚೇಷ್ಟೆ ಇಷ್ಟ.

ಇನ್ನು ಕಾದಂಬರಿಯಲ್ಲೇ ಇಲ್ಲದ ಸಾಲುಗಳು. ‘ನೀನು ನನ್ನನ್ನು ದೇಹ, ಆತ್ಮ ಎರಡರಲ್ಲೂ ಮರುಳು ಮಾಡಿದ್ದೀಯ’ ಎಂಬುದು 2005ರ ಸಿನಿಮಾದ ಸಂಭಾಷಣೆ. ‘ನಮ್ಮ ಕುಂದುಕೊರತೆಗಳೇ ನಮ್ಮನ್ನು ಒಬ್ಬರಿಗೊಬ್ಬರು ತಕ್ಕವರನ್ನಾಗಿ ಮಾಡಿವೆ’ ಎಂಬಂಥದ್ದು 1996ರ ‘ಎಮ್ಮಾ’ ಸಿನಿಮಾದ್ದು. ಆಸ್ಟಿನ್ ಅವರ ನಾಯಕರು ಪ್ರೇಮ ತೋಡಿಕೊಳ್ಳುವ ಘಟ್ಟದಲ್ಲಿ ನಿರೂಪಕಿ ಬಹುತೇಕ ಪರದೆ ಎಳೆದುಬಿಡುತ್ತಾರೆ. ಹೀಗಾಗಿ ತುಂಬ ಸಿಹಿಯಾದ ಪ್ರೇಮವಾಕ್ಯ ಕಂಡರೆ ಮೊದಲು ಅನುಮಾನಿಸಿ.

ಪರೀಕ್ಷಿಸುವುದು ಸುಲಭ. ಆರೂ ಕಾದಂಬರಿಗಳ ಇಂಗ್ಲಿಷ್ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿದೆ. ಸೂಕ್ತಿಯಿಂದ ಮೂರು ನಾಲ್ಕು ಅಪರೂಪದ ಪದಗಳನ್ನು ಆರಿಸಿ ಹುಡುಕಿ. ಇಡೀ ವಾಕ್ಯ ಹಾಕಿದರೆ ಹಳೆಯ ಕಾಗುಣಿತ, ಅಲ್ಪವಿರಾಮಗಳ ವ್ಯತ್ಯಾಸದಿಂದ ಸಿಗದೇ ಹೋಗಬಹುದು. ಸಿಕ್ಕ ಮೇಲೆ ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ಓದಿ. ಮಾತು ಯಾರದು, ಅವರಿಗೆ ಆ ಹೊತ್ತಿನಲ್ಲಿ ಏನು ಬೇಕಾಗಿದೆ, ಕೇಳಿದವರು ಏನು ಹೇಳಿದರು, ಕಾದಂಬರಿ ಮುಗಿಯುವಾಗ ಅವರ ಗತಿ ಏನಾಯಿತು ಎಂದು ಬರೆದಿಟ್ಟುಕೊಳ್ಳಿ. ಇನ್ನೊಂದು ಎಚ್ಚರಿಕೆ: ಆ ಕಾಲದಲ್ಲಿ ಕಾದಂಬರಿಗಳು ಎರಡು ಮೂರು ಸಂಪುಟಗಳಲ್ಲಿ ಬರುತ್ತಿದ್ದವು. ಕೆಲವು ಮುದ್ರಣಗಳಲ್ಲಿ ಪ್ರತಿ ಸಂಪುಟಕ್ಕೂ ಅಧ್ಯಾಯ ಒಂದರಿಂದ ಶುರುವಾಗುತ್ತದೆ. ‘ಎಮ್ಮಾ’ದ 43ನೇ ಅಧ್ಯಾಯವೂ ಮೂರನೇ ಸಂಪುಟದ 7ನೇ ಅಧ್ಯಾಯವೂ ಒಂದೇ.

ಈಗ ನಗುವಿನ ಮಾತು. ಅರ್ಧ ಓದಿದ ಪುಸ್ತಕವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಎರಡನೇ ಅಧ್ಯಾಯ ಒಂದನ್ನೇ ತೆಗೆಯಿರಿ. ಹಿನ್ನೆಲೆ ಇಷ್ಟೇ. ಸಾಯುವ ಮುಂಚೆ ತಂದೆ ಮೊದಲ ಹೆಂಡತಿಯ ಮಗ ಜಾನ್ ಡ್ಯಾಶ್‌ವುಡ್‌ನನ್ನು ಕರೆದು, ಮಲತಾಯಿಯನ್ನೂ ಮೂವರು ತಂಗಿಯರನ್ನೂ ನೋಡಿಕೋ ಎಂದು ಮಾತು ತೆಗೆದುಕೊಂಡಿದ್ದಾನೆ. ಎಸ್ಟೇಟು ಜಾನ್ ಪಾಲಿಗೆ ಬಂದಿದೆ. ತಂಗಿಯರಿಗೆ ತಲಾ 1,000 ಪೌಂಡ್, ಒಟ್ಟು 3,000 ಕೊಡುತ್ತೇನೆ ಎಂದುಕೊಂಡು ತನ್ನ ಔದಾರ್ಯಕ್ಕೆ ತಾನೇ ಬೀಗುತ್ತಿದ್ದಾನೆ. ಆಗ ಹೆಂಡತಿ ಫ್ಯಾನಿ ಬಾಯಿ ತೆರೆಯುತ್ತಾಳೆ.

ನಮ್ಮ ಒಬ್ಬನೇ ಮಗ ಹ್ಯಾರಿಯ ಬಾಯಿಗೆ ಮಣ್ಣು ಹಾಕುತ್ತೀರಾ ಎಂದು ಮೊದಲು. ಹಾಗಾದರೆ ಅರ್ಧ ಮಾಡೋಣ, ತಲಾ 500 ಎಂದು ಜಾನ್. ಓಹೋ, ಯಾವ ಅಣ್ಣ ಇಷ್ಟು ಮಾಡುತ್ತಾನೆ ಎಂದು ಫ್ಯಾನಿ. ಅದೂ ಹೆಚ್ಚಾಯಿತು ಅನ್ನಿಸಿ, ತಾಯಿಗೆ ಬದುಕಿರುವ ತನಕ ವರ್ಷಕ್ಕೆ 100 ಕೊಟ್ಟರೆ ಹೇಗೆ ಎನ್ನುತ್ತಾನೆ. ಹದಿನೈದು ವರ್ಷ ಬದುಕಿದರೆ ನಾವು ಮುಳುಗಿದ ಹಾಗೇ ಎನ್ನುತ್ತಾಳೆ. ವರ್ಷಾಶನ ಗೊತ್ತುಮಾಡಿದರೆ ಸಾಕು, ಜನ ಸಾಯುವುದೇ ಇಲ್ಲ, ನೋಡಿ ಬೇಕಾದರೆ! ಆಕೆಗೆ ಇನ್ನೂ ನಲವತ್ತು, ಗಟ್ಟಿಮುಟ್ಟಾಗಿದ್ದಾರೆ. ಸರಿ, ಆಗಾಗ 50 ಪೌಂಡ್ ಕೊಟ್ಟರಾಯಿತು. ಅದೂ ಯಾಕೆ, ನಿಮ್ಮ ತಂದೆಯ ಮನಸ್ಸಿನಲ್ಲಿ ದುಡ್ಡಿನ ವಿಚಾರವೇ ಇರಲಿಲ್ಲ. ಮನೆ ಹುಡುಕಿ ಕೊಡುವುದು, ಸಾಮಾನು ಸಾಗಿಸುವುದು, ಕಾಲಕಾಲಕ್ಕೆ ಮೀನೋ ಬೇಟೆಯ ಮಾಂಸವೋ ಕಳಿಸುವುದು, ಇಷ್ಟೇ ಅವರ ಅಭಿಪ್ರಾಯ. ನಾಲ್ವರಿಗೂ ಸೇರಿ ವರ್ಷಕ್ಕೆ 500 ಬರುತ್ತದೆ, ಗಾಡಿ ಇಲ್ಲ, ಕುದುರೆ ಇಲ್ಲ, ಆಳುಗಳು ಹೆಚ್ಚಿಲ್ಲ, ಬಂದುಹೋಗುವವರಿಲ್ಲ, ಖರ್ಚೇ ಇಲ್ಲ, ಎಷ್ಟು ಹಾಯಾಗಿರುತ್ತಾರೆ! ಯೋಚಿಸಿದರೆ ಅವರೇ ನಮಗೆ ಏನಾದರೂ ಕೊಡಬಹುದು. ಕೊನೆಯ ಏಟು ಪಿಂಗಾಣಿಯದು: ಬೆಳಗಿನ ತಿಂಡಿಯ ಪಿಂಗಾಣಿ ಸೆಟ್ ಆಕೆ ಒಯ್ಯುತ್ತಿದ್ದಾರೆ, ಅದು ಈ ಮನೆಯದಕ್ಕಿಂತ ಎರಡರಷ್ಟು ಚೆನ್ನಾಗಿದೆ.

ಇಲ್ಲಿ ನಿರೂಪಕಿ ಯಾರನ್ನೂ ಜರಿಯುವುದಿಲ್ಲ. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಸ್ವಲ್ಪವೇ ಕೆಳಗೆ, ಪ್ರತಿಯೊಂದಕ್ಕೂ ಒಪ್ಪುವಂಥ ಕಾರಣ, ಇಬ್ಬರೂ ತಾವು ಒಳ್ಳೆಯವರೆಂದೇ ನಂಬಿದ್ದಾರೆ. ಅಧ್ಯಾಯದ ಕೊನೆಯ ವಾಕ್ಯ ಮಾತ್ರ ಮತ್ತೊಮ್ಮೆ ಓದಿ: ತಂದೆಯ ವಿಧವೆಗೂ ಮಕ್ಕಳಿಗೂ ಇಷ್ಟಕ್ಕಿಂತ ಹೆಚ್ಚು ಮಾಡುವುದು ಅನಗತ್ಯ, ಅಷ್ಟೇ ಅಲ್ಲ, ಅನುಚಿತವೂ ಆದೀತು ಎಂದು ಅವನು ತೀರ್ಮಾನಿಸಿದ ಎಂದಿದೆ. ವ್ಯಾಕರಣ ನಿರೂಪಕಿಯದು, ಯೋಚನೆ ಜಾನ್‌ನದು. ಉದ್ಧರಣ ಚಿಹ್ನೆ ಇರುವುದಿಲ್ಲ, ‘ಎಂದುಕೊಂಡ’ ಎಂಬುದೂ ಎಷ್ಟೋ ಕಡೆ ಇರುವುದಿಲ್ಲ. ಆಸ್ಟಿನ್ ಕಲೆಯ ನಡುಗಂಬ ಇದು. ಬೇಗ ಓದುವವರು ಕಳೆದುಕೊಳ್ಳುವುದೂ ಇದನ್ನೇ, ಯಾಕೆಂದರೆ ನಿರೂಪಕಿ ಹೇಳಿದ್ದೆಲ್ಲ ನಿಜ ಎಂಬ ಅಭ್ಯಾಸದಲ್ಲಿ ಓದಿರುತ್ತೇವೆ.

‘ಎಮ್ಮಾ’ ಪೂರ್ತಿ ಈ ತಂತ್ರದ ಮೇಲೆ ನಿಂತಿದೆ. 25ನೇ ಅಧ್ಯಾಯದಲ್ಲಿ ಫ್ರಾಂಕ್ ಚರ್ಚಿಲ್ ಎಂಬ ಯುವಕ ಬರೀ ಕ್ಷೌರಕ್ಕೆಂದು ಲಂಡನ್‌ಗೆ ಹೋಗಿ ಬರುತ್ತಾನೆ. ಹೋಗಲು 16 ಮೈಲಿ, ಬರಲು 16. ಇದರಲ್ಲಿ ತಪ್ಪೇನಿಲ್ಲ, ಆದರೆ ಷೋಕಿಯ ವಾಸನೆ ಹೊಡೆಯುತ್ತದೆ ಎಂದು ಬರೆದಿದೆ. ಅದು ನಿರೂಪಕಿಯ ತೀರ್ಪು ಎಂದುಕೊಂಡು ಮುಂದೆ ಹೋಗುತ್ತೇವೆ, ಅದು ನಾಯಕಿ ಎಮ್ಮಾಳ ಊಹೆ. ಮುಂದಿನ ಅಧ್ಯಾಯದಲ್ಲಿ ಜೇನ್ ಫೇರ್‌ಫ್ಯಾಕ್ಸ್ ಎಂಬ ಬಡ ಹುಡುಗಿಗೆ ಲಂಡನ್‌ನ ಬ್ರಾಡ್‌ವುಡ್ ಅಂಗಡಿಯಿಂದ ಪಿಯಾನೊ ಬಂದಿರುವ ಸುದ್ದಿ ಸಿಗುತ್ತದೆ, ಕಳಿಸಿದವರು ಯಾರೋ ತಿಳಿಯದು. ಎಮ್ಮಾ ಎರಡನ್ನೂ ಜೋಡಿಸುವುದಿಲ್ಲ, ಮೊದಲ ಓದಿನಲ್ಲಿ ನಾವೂ ಜೋಡಿಸುವುದಿಲ್ಲ. ಇದೇ ಪುಸ್ತಕದಲ್ಲಿ ಮಿಸ್ ಬೇಟ್ಸ್ ಎಂಬ ಬಡ ಅವಿವಾಹಿತೆ ಪುಟಗಟ್ಟಲೆ ವಟಗುಟ್ಟುತ್ತಾರೆ. ಎಲ್ಲರೂ ಹಾರಿಸಿ ಓದುವ ಭಾಗ ಅದು. ಅಮ್ಮನ ಕನ್ನಡಕದ ಮೊಳೆ ಬಿದ್ದುಹೋಯಿತು, ಫ್ರಾಂಕ್ ಪಾಪ ಅದನ್ನು ಸರಿಮಾಡುತ್ತಾ ಕೂತಿದ್ದಾನೆ ಎನ್ನುವುದು ಆ ವಟವಟದಲ್ಲೇ. ಎಂದರೆ ಕೋಣೆಯಲ್ಲಿ ಫ್ರಾಂಕ್, ಜೇನ್, ಮತ್ತೆ ಕನ್ನಡಕವಿಲ್ಲದೆ ತೂಕಡಿಸುತ್ತಿರುವ ಮುದುಕಿ ಮಾತ್ರ! ಫ್ರಾಂಕ್ ಮತ್ತು ಜೇನ್ ಯಾರಿಗೂ ಹೇಳದೆ ಮದುವೆ ನಿಶ್ಚಯ ಮಾಡಿಕೊಂಡಿದ್ದಾರೆ, ಆ ಇಡೀ ಗುಟ್ಟು ಮೊಳೆಯಲ್ಲಿದೆ. ಅದಕ್ಕೇ ‘ಎಮ್ಮಾ’ವನ್ನು ಎರಡು ಸಲ ಓದಬೇಕು.

ಹಾಸ್ಯಕ್ಕೆ ಆಸ್ಟಿನ್ ಹಾಕಿದ ಲಗಾಮು ಕಾಣುವುದೂ ಇದೇ ಕಾದಂಬರಿಯಲ್ಲಿ, ನಾನು ಮೇಲೆ ಹೇಳಿದ 43ನೇ ಅಧ್ಯಾಯದಲ್ಲಿ. ಬಾಕ್ಸ್ ಹಿಲ್ ಎಂಬಲ್ಲಿಗೆ ಎಲ್ಲರೂ ವನವಿಹಾರಕ್ಕೆ ಹೋಗಿದ್ದಾರೆ. ಪ್ರತಿಯೊಬ್ಬರೂ ಒಂದು ಬಹಳ ಚತುರವಾದ ಮಾತು, ಇಲ್ಲವೇ ಎರಡು ಸುಮಾರಾದ ಮಾತು, ಇಲ್ಲವೇ ಮೂರು ಪೂರಾ ಸಪ್ಪೆ ಮಾತು ಹೇಳಬೇಕೆಂದು ಫ್ರಾಂಕ್ ಆಟ ಕಟ್ಟುತ್ತಾನೆ. ಮೂರು ಸಪ್ಪೆ ಮಾತಾದರೆ ನನಗೆ ಕಷ್ಟವಿಲ್ಲ, ಬಾಯಿ ತೆರೆದರೆ ಅವೇ ಬರುವುದು ಎಂದು ಮಿಸ್ ಬೇಟ್ಸ್ ತಮ್ಮನ್ನೇ ನಕ್ಕುಕೊಳ್ಳುತ್ತಾರೆ. ಎಮ್ಮಾ ತಡೆಯಲಾರದೆ, ಒಂದು ತೊಂದರೆ ಇದೆ, ಒಂದು ಸಲಕ್ಕೆ ಮೂರೇ ಅಂತ ಲೆಕ್ಕ ಇದೆಯಲ್ಲ ಎಂದುಬಿಡುತ್ತಾಳೆ. ನಮಗೂ ನಗು ಬರುತ್ತದೆ. ಬರಲಿ ಎಂದೇ ಆಸ್ಟಿನ್ ಅಷ್ಟು ಹೊತ್ತು ಮಿಸ್ ಬೇಟ್ಸ್‌ರಿಂದ ನಮ್ಮ ತಲೆ ತಿನ್ನಿಸಿದ್ದು. ಆಕೆಗೆ ಮಾತು ತಡವಾಗಿ ತಟ್ಟುತ್ತದೆ, ಮುಖ ಸ್ವಲ್ಪ ಕೆಂಪಾಗುತ್ತದೆ. ಸಿಟ್ಟಿಲ್ಲ. ಹಳೇ ಸ್ನೇಹಿತೆಗೆ ಹೀಗೆ ಹೇಳಬೇಕಾದರೆ ನಾನು ನಿಜಕ್ಕೂ ಸಹಿಸಲಾಗದಂತೆ ಆಡಿರಬೇಕು, ಇನ್ನು ನಾಲಿಗೆ ಹಿಡಿದಿಟ್ಟುಕೊಳ್ಳುತ್ತೇನೆ ಎನ್ನುತ್ತಾರೆ. ಆಮೇಲೆ ಎಮ್ಮಾಳ ಹಳೆಯ ಸ್ನೇಹಿತ ನೈಟ್ಲಿ ಅವಳನ್ನು ತರಾಟೆಗೆ ತೆಗೆದುಕೊಳ್ಳುವಾಗ ಅವನ ವಾದ ಗಮನಿಸಿ. ಆಕೆ ನಗೆಪಾಟಲಿನ ಹೆಂಗಸಲ್ಲ ಎಂದು ಅವನು ಹೇಳುವುದಿಲ್ಲ. ಆಕೆ ಸಿರಿವಂತಳಾಗಿದ್ದರೆ ನಿನ್ನ ಮಾತನ್ನು ನಾನು ಲೆಕ್ಕಿಸುತ್ತಿರಲಿಲ್ಲ, ಆಕೆ ಬಡವಿ, ಹುಟ್ಟಿದಾಗಿನ ಸ್ಥಿತಿಯಿಂದ ಇಳಿದವಳು, ಮುದಿತನಕ್ಕೆ ಇನ್ನೂ ಇಳಿಯುವವಳು ಎನ್ನುತ್ತಾನೆ. ಯಾರನ್ನು ನಗಬಹುದು ಎಂಬುದಕ್ಕೆ ಆಸ್ಟಿನ್ ಕೊಟ್ಟ ಅಳತೆಗೋಲು ಇದು.

ಈ ಅಳತೆ ಅವರಿಗೆ ಹುಟ್ಟಿನಿಂದ ಬಂದದ್ದೇನೂ ಅಲ್ಲ. 1798ರಲ್ಲಿ, 22ರ ವಯಸ್ಸಿನಲ್ಲಿ, ಪರಿಚಯದ ಹೆಂಗಸೊಬ್ಬಳಿಗೆ ಏನೋ ಕಂಡು ಬೆಚ್ಚಿ ಸತ್ತ ಮಗು ಹುಟ್ಟಿದ ಸುದ್ದಿಯನ್ನು ಅಕ್ಕ ಕಸಾಂಡ್ರಾಗೆ ಬರೆಯುತ್ತಾ, ಅಕಸ್ಮಾತ್ ಗಂಡನ ಮುಖ ನೋಡಿರಬೇಕು ಎಂದು ಸೇರಿಸುತ್ತಾರೆ. ಓದಿದರೆ ಇಂದಿಗೂ ಕಸಿವಿಸಿಯಾಗುತ್ತದೆ. ಅಕ್ಕ ಬಹಳಷ್ಟು ಪತ್ರಗಳನ್ನು ಸುಟ್ಟುಹಾಕಿದ್ದರಿಂದ ನಮಗೆ ಉಳಿದಿರುವುದು ಸುಮಾರು 160.

ಅವರದೇ ದನಿಯ ಸೂಕ್ತಿ ಬೇಕಾದರೆ ಆ ಪತ್ರಗಳಿಂದ ತೆಗೆದುಕೊಳ್ಳಿ. 1798ರ ಡಿಸೆಂಬರ್ 24: ಜನ ತುಂಬ ಒಳ್ಳೆಯವರಾಗಿರುವುದು ನನಗೆ ಬೇಡ, ಅವರನ್ನು ಮೆಚ್ಚುವ ತಾಪತ್ರಯ ತಪ್ಪುತ್ತದೆ. 1817ರ ಮಾರ್ಚ್ 13, ಅಣ್ಣನ ಮಗಳು ಫ್ಯಾನಿ ನೈಟ್‌ಗೆ: ಒಂಟಿ ಹೆಂಗಸರಿಗೆ ಬಡವರಾಗುವ ಕೆಟ್ಟ ಚಾಳಿಯಿದೆ, ಮದುವೆಯ ಪರವಾಗಿ ಇದೊಂದು ಬಲವಾದ ವಾದ. ಇದೇ ಫ್ಯಾನಿಗೆ 1814ರಲ್ಲಿ, ಪ್ರೀತಿಯಿಲ್ಲದೆ ಮದುವೆಯಾಗುವುದಕ್ಕಿಂತ ಬೇರೆ ಏನನ್ನಾದರೂ ಸಹಿಸಬಹುದು ಎಂದೂ ಬರೆದಿದ್ದರು. ಎರಡನ್ನೂ ಒಟ್ಟಿಗೆ ಹೇಳಿ, ಒಂದನ್ನೇ ಹೇಳಿದರೆ ಮೋಸ. 1816ರ ಏಪ್ರಿಲ್ 1ರ ಪತ್ರವೂ ಸೊಗಸಾಗಿದೆ. ರಾಜಕುಮಾರನ ಗ್ರಂಥಪಾಲಕ ಜೇಮ್ಸ್ ಸ್ಟೇನಿಯರ್ ಕ್ಲಾರ್ಕ್ ರಾಜಮನೆತನದ ಮೇಲೆ ಒಂದು ಐತಿಹಾಸಿಕ ಪ್ರಣಯಕಥೆ ಬರೆಯಿರಿ ಎಂದಾಗ, ಜೀವ ಉಳಿಸಿಕೊಳ್ಳಲು ಬಿಟ್ಟರೆ ಬೇರೆ ಯಾವ ಕಾರಣಕ್ಕೂ ನಾನು ಅಂಥದ್ದನ್ನು ಬರೆಯಲಾರೆ, ನನ್ನನ್ನೋ ಇತರರನ್ನೋ ನೋಡಿ ಒಮ್ಮೆಯೂ ನಗಬಾರದೆಂದರೆ ಮೊದಲ ಅಧ್ಯಾಯ ಮುಗಿಯುವುದರೊಳಗೆ ನನ್ನನ್ನು ಗಲ್ಲಿಗೇರಿಸಿರುತ್ತಾರೆ ಎಂದು ಉತ್ತರಿಸಿದರು. ಇದೇ ಕ್ಲಾರ್ಕ್‌ಗೆ ಅದಕ್ಕೆ ಮುಂಚೆ, ಲೇಖಕಿಯಾಗುವ ಧೈರ್ಯ ಮಾಡಿದ ಹೆಂಗಸರಲ್ಲೇ ಅತ್ಯಂತ ಅವಿದ್ಯಾವಂತೆ ನಾನು ಎಂದು ಬರೆದದ್ದನ್ನು ವಿನಯವೆಂದು ಉದ್ಧರಿಸಬೇಡಿ, ಅದು ಅವನ ಸಲಹೆಯಿಂದ ಜಾರಿಕೊಳ್ಳುವ ಉಪಾಯ.

‘ಪ್ರೈಡ್ ಅಂಡ್ ಪ್ರಿಜುಡಿಸ್’ ಅಚ್ಚಾಗಿ ಬಂದ ಮರುದಿನ, 1813ರ ಜನವರಿ 29ರಂದು, ‘ಅವನು ಹೇಳಿದ’, ‘ಅವಳು ಹೇಳಿದಳು’ ಎಂದು ಕೆಲವೆಡೆ ಸೇರಿಸಿದ್ದರೆ ಸಂಭಾಷಣೆ ಸಲೀಸಾಗುತ್ತಿತ್ತು, ಆದರೆ ತಮ್ಮದೇ ಚುರುಕುತನವಿಲ್ಲದ ಮಂಕುಗಳಿಗೆ ನಾನು ಬರೆಯುವುದಿಲ್ಲ ಎಂದು ಅಕ್ಕನಿಗೆ ಬರೆದಿದ್ದಾರೆ. ಕೆಲವು ದಿನಗಳ ನಂತರ ಇನ್ನೊಂದು ದೂರು: ಅಮ್ಮ ಪುಸ್ತಕವನ್ನು ಗಟ್ಟಿಯಾಗಿ ಓದುವಾಗ ವಿಪರೀತ ಬೇಗ ಓದುತ್ತಾರೆ, ಪಾತ್ರಗಳಿಗೆ ತಕ್ಕ ದನಿ ಬರುವುದಿಲ್ಲ. ಆ ಮನೆಯಲ್ಲಿ ಕಾದಂಬರಿ ಎಂದರೆ ಗಟ್ಟಿಯಾಗಿ ಓದುವ ಸಾಮಗ್ರಿ.

ನೀವೂ ಹಾಗೇ ಓದಿ. ಡ್ಯಾಶ್‌ವುಡ್ ದಂಪತಿಯ ಅಧ್ಯಾಯವಾದ ಮೇಲೆ ‘ಪ್ರೈಡ್ ಅಂಡ್ ಪ್ರಿಜುಡಿಸ್’ಗೆ ಮರಳಿ 1, 11, 19, 20, 22ನೇ ಅಧ್ಯಾಯಗಳನ್ನು ಮತ್ತೆ ತೆಗೆಯಿರಿ. ಮೊದಲ ವಾಕ್ಯ, ಸಿರಿವಂತ ಬ್ರಹ್ಮಚಾರಿಗೆ ಹೆಂಡತಿ ಬೇಕೇ ಬೇಕೆಂಬುದು ಲೋಕವೇ ಒಪ್ಪಿದ ಸತ್ಯ ಎನ್ನುತ್ತದೆ. ಎರಡನೇ ವಾಕ್ಯದಲ್ಲಿ ಆ ಲೋಕ ಎಂದರೆ ಹೆಣ್ಣುಮಕ್ಕಳಿರುವ ಅಕ್ಕಪಕ್ಕದ ಮನೆಗಳು ಎಂದು ಬಯಲಾಗುತ್ತದೆ. ತಾಯಿ ತೀರಿದ ಮೇಲೆ ಎಲಿಜಬೆತ್‌ಳ ಪಾಲಿಗೆ ಬರುವುದು ಶೇಕಡಾ 4ರ ಬಡ್ಡಿಯ 1,000 ಪೌಂಡ್, ವರ್ಷಕ್ಕೆ 40. ಡಾರ್ಸಿಯ ವರಮಾನ 10,000. ನೀವು ಬೇಸರಪಟ್ಟ ಮದುವೆ ಮಾತುಕತೆಯ ಹಿಂದಿರುವ ಲೆಕ್ಕ ಇದು. 19ನೇ ಅಧ್ಯಾಯದಲ್ಲಿ ಕಾಲಿನ್ಸ್ ಮದುವೆ ಪ್ರಸ್ತಾಪ ಮಾಡುವಾಗ ಕಾರಣಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ, ತನ್ನ ಪೋಷಕಿ ಲೇಡಿ ಕ್ಯಾಥರಿನ್ ಹೇಳಿದ್ದಾರೆ ಎಂಬುದನ್ನು ಮೊದಲೇ ಹೇಳಬೇಕಿತ್ತೇನೋ ಎಂದು ಪೇಚಾಡಿ, ಎಲ್ಲಾ ಮುಗಿದ ಮೇಲೆ, ಇನ್ನುಳಿದದ್ದು ನನ್ನ ಪ್ರೇಮದ ತೀವ್ರತೆಯನ್ನು ಉತ್ಕಟ ಭಾಷೆಯಲ್ಲಿ ತಿಳಿಸುವುದಷ್ಟೇ ಎನ್ನುತ್ತಾನೆ. ಇದಾದ ಮೇಲೆ ‘ಎಮ್ಮಾ’, ಕೊನೆಗೆ ‘ಪರ್ಸುಯೇಷನ್’. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಮೊದಲಿಗೆ ಬೇಡ. ‘ನಾರ್ಥ್ಯಾಂಗರ್ ಅಬಿ’ ಚಿಕ್ಕದು, ಆದರೆ ಅಂದಿನ ಭಯಾನಕ ಕಾದಂಬರಿಗಳ ಅಣಕ ಇರುವುದರಿಂದ ಟಿಪ್ಪಣಿ ಇರುವ ಮುದ್ರಣ ಬೇಕು. ಸಂಕ್ಷಿಪ್ತ ಆವೃತ್ತಿಗಳನ್ನು ಮುಟ್ಟಲೇಬೇಡಿ. ಕತ್ತರಿ ಮೊದಲು ಬೀಳುವುದು ನಿರೂಪಕಿಯ ವಾಕ್ಯಗಳಿಗೆ, ಉಳಿಯುವುದು ಪ್ರೇಮಕಥೆ.

ನಿಮ್ಮ ಭಾಷಣಕ್ಕೆ ನನ್ನ ಸಲಹೆ, ಸೂಕ್ತಿಗಳ ಪಟ್ಟಿ ಬಿಟ್ಟು ಬಳಗದ ಇಬ್ಬರಿಂದ ಜಾನ್ ಮತ್ತು ಫ್ಯಾನಿಯ ಆ ಅಧ್ಯಾಯವನ್ನು ಕನ್ನಡದಲ್ಲಿ ಓದಿಸಿ. ಪ್ರತಿ ಸಲ ಮೊತ್ತ ಇಳಿದಾಗ ಒಂದು ಕ್ಷಣ ನಿಲ್ಲಬೇಕು. ಫ್ಯಾನಿಯ ಪಾತ್ರ ಓದುವವರು ದನಿಯಲ್ಲಿ ಕೆಟ್ಟತನ ತರಬಾರದು. ಗಂಡನ ಹಿತ, ಮಗನ ಹಿತ, ಅತ್ತೆಯ ಹಿತ ಎಲ್ಲವನ್ನೂ ಬಯಸುವ ಸಂಭಾವಿತ ಸೊಸೆಯ ಮೆದು ದನಿಯಲ್ಲೇ ಮೀನಿನ ತನಕ, ಪಿಂಗಾಣಿಯ ತನಕ ಹೋಗಬೇಕು.